ಗೀಸರ್‌ನ ಥರ್ಮೋಸ್ಟಾಟ್: ಎಷ್ಟಕ್ಕೆ ಇಡಬೇಕು, ಯಾವಾಗ ಬದಲಿಸಬೇಕು, 'ಡೈರೆಕ್ಟ್' ಯಾಕೆ ಬೇಡ

ನೀರು ಬೇಗ ಕಾಯಲಿ ಅಂತ ಗೀಸರ್‌ನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಇಡುವವರು ತುಂಬಾ ಜನ. ಅದರಿಂದ ನೀರು ಒಂದು ನಿಮಿಷ ಕೂಡ ಬೇಗ ಕಾಯುವುದಿಲ್ಲ. ಗ್ಯಾಸ್ ಒಲೆಯ ತಿರುಗಣೆಯ ಹಾಗೆ ಇಲ್ಲಿ ಸಣ್ಣ ಉರಿ, ದೊಡ್ಡ ಉರಿ ಅಂತ ಇಲ್ಲ. ನೀರು ಕಾಯಿಸುವ 2 ಕಿಲೋವ್ಯಾಟ್ ಕಾಯಿಲ್ ಆನ್ ಆದರೆ ಪೂರ್ತಿ 2 ಕಿಲೋವ್ಯಾಟ್, ಆಫ್ ಆದರೆ ಸೊನ್ನೆ. ಗುಂಡಿಗೆ ಇರುವುದು ಒಂದೇ ಕೆಲಸ: ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಳುವುದು.

ಆ ಮಾತು ಕೇಳಿ ಕರೆಂಟ್ ನಿಲ್ಲಿಸುವ ಸಾಮಾನೇ ಥರ್ಮೋಸ್ಟಾಟ್. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ನಮೂನೆ. ಒಂದಕ್ಕೆ ಉದ್ದನೆಯ ಹಿತ್ತಾಳೆ ಕಡ್ಡಿ ಇರುತ್ತದೆ. ಅದು ನಿಜಕ್ಕೂ ಕಡ್ಡಿ ಅಲ್ಲ, ಕೊಳವೆ. ಒಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳು ಇದೆ. ಇದು ಕಬ್ಬಿಣ ಮತ್ತು ನಿಕ್ಕಲ್ ಸೇರಿದ ಲೋಹ, ಬಿಸಿಯಾದರೂ ಹಿಗ್ಗುವುದಿಲ್ಲ ಅನ್ನುವಷ್ಟು ಕಮ್ಮಿ ಹಿಗ್ಗುತ್ತದೆ. ಹಿತ್ತಾಳೆ ಚೆನ್ನಾಗಿ ಹಿಗ್ಗುತ್ತದೆ. ನೀರು ಕಾದಂತೆ ಹೊರಗಿನ ಕೊಳವೆ ಉದ್ದವಾಗುತ್ತದೆ, ಒಳಗಿನ ಸರಳು ಇದ್ದಷ್ಟೇ ಇರುತ್ತದೆ. ಆ ಕೂದಲೆಳೆಯಷ್ಟು ವ್ಯತ್ಯಾಸ ಮೇಲಿನ ಸ್ವಿಚ್ಚನ್ನು ಎಳೆದು ಟಕ್ ಅಂತ ಬಿಡಿಸುತ್ತದೆ. ಇನ್ವಾರ್ ಕಂಡುಹಿಡಿದದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನ ಷಾರ್ಲ್ ಗಿಯೋಮ್. ಈ ಲೋಹಗಳ ಕೆಲಸಕ್ಕೆ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಬಚ್ಚಲುಮನೆಯ ಗೋಡೆಯಲ್ಲಿ ನೊಬೆಲ್ ನೇತಾಡುತ್ತಿದೆ ಅಂತ ಯಾರಿಗೆ ಗೊತ್ತು!

ಇನ್ನೊಂದು ನಮೂನೆ ಕ್ಯಾಪಿಲರಿ. ತುದಿಯಲ್ಲಿ ತಾಮ್ರದ ಸಣ್ಣ ಬಲ್ಬ್, ಅದರಿಂದ ಹೊರಟ ನೂಲಿನಂಥ ತಾಮ್ರದ ಕೊಳವೆ, ಒಳಗೆ ದ್ರವ. ಬಿಸಿಗೆ ದ್ರವ ಹಿಗ್ಗಿ ಗುಂಡಿಯ ಹಿಂದಿರುವ ತೆಳು ತಗಡನ್ನು ತಳ್ಳುತ್ತದೆ, ಸ್ವಿಚ್ ಬಿಡುತ್ತದೆ. ಹೊರಗಡೆ ಗುಂಡಿ ಇರುವ ಗೀಸರ್‌ಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಅಂಕಿ ಮಿನುಗುವ ಡಿಜಿಟಲ್ ಗೀಸರ್‌ಗಳ ಕಥೆ ಬೇರೆ, ಅಲ್ಲಿ ಸೆನ್ಸರ್ ಮತ್ತು ಬೋರ್ಡ್ ಇರುತ್ತವೆ. ಅದನ್ನು ಕಂಪನಿಯವರಿಗೇ ಬಿಡುವುದು ಒಳ್ಳೆಯದು.

ಥರ್ಮೋಸ್ಟಾಟ್ ಪಕ್ಕದಲ್ಲೇ, ಕೆಲವು ಸಲ ಅದರ ಮೈಯಲ್ಲೇ, ಇನ್ನೊಂದು ಸಾಮಾನು ಇದೆ: ಕಟ್‌ಔಟ್. ನಡುವೆ ಸಣ್ಣ ಗುಂಡಿ, ಹೆಚ್ಚಾಗಿ ಕೆಂಪು. ಜನ ಇದನ್ನೂ ಥರ್ಮೋಸ್ಟಾಟ್ ಅಂತಲೇ ಕರೆಯುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಥರ್ಮೋಸ್ಟಾಟ್ ದಿನಾ ಕೆಲಸ ಮಾಡುತ್ತದೆ. ನೀವು ಇಟ್ಟ ಬಿಸಿಗೆ ಬಿಡುತ್ತದೆ, ಅಂದರೆ ಕರೆಂಟ್ ಕತ್ತರಿಸುತ್ತದೆ, ಐದು ಹತ್ತು ಡಿಗ್ರಿ ಇಳಿದ ಮೇಲೆ ತಾನಾಗಿಯೇ ಮತ್ತೆ ಹಿಡಿಯುತ್ತದೆ. ಕಟ್‌ಔಟ್ ಸುಮ್ನೆ ಕೂತಿರುತ್ತದೆ. ಥರ್ಮೋಸ್ಟಾಟ್ ಕೈಕೊಟ್ಟು ನೀರು 90 ಡಿಗ್ರಿಯ ಆಸುಪಾಸಿಗೆ ಹೋದರೆ ಮಾತ್ರ ಎದ್ದು ಕರೆಂಟ್ ಕತ್ತರಿಸುತ್ತದೆ. ಒಮ್ಮೆ ಕತ್ತರಿಸಿದರೆ ತಾನಾಗಿ ಮತ್ತೆ ಸೇರಿಸುವುದಿಲ್ಲ. ನೀರು ತಣಿದ ಮೇಲೆ ಯಾರಾದರೂ ಕವರ್ ಬಿಚ್ಚಿ ಆ ಗುಂಡಿ ಒತ್ತಬೇಕು. ಹಾಗೆ ಮಾಡಿಟ್ಟಿರುವುದು ಬೇಕೆಂದೇ. ಏನೋ ಕೆಟ್ಟಿದೆ, ಬಂದು ನೋಡು ಅಂತ ಅದು ಹೇಳುವ ರೀತಿ ಅದು.

ಈಗ ಎಷ್ಟಕ್ಕೆ ಇಡಬೇಕು ಅನ್ನುವ ಪ್ರಶ್ನೆ. ಮಂಗಳೂರು, ಉಡುಪಿಯ ನಲ್ಲಿ ನೀರು ವರ್ಷದ ಹೆಚ್ಚಿನ ದಿನ 27–28 ಡಿಗ್ರಿ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರಿಗೆ ಗೀಸರ್ ಬೇಕೇ ಬೇಡ, ತಣ್ಣೀರು ಸಿಗುವುದೇ ಕಷ್ಟ. ಮಡಿಕೇರಿಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿ ಚಿಲ್ಲರೆ. ಹಾಗಾದರೆ 42ಕ್ಕೇ ಇಟ್ಟರೆ ಆಯ್ತಲ್ವಾ ಅಂದರೆ, ಅದೂ ಸರಿಯಲ್ಲ. ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆ, ಶ್ವಾಸಕೋಶಕ್ಕೆ ತೊಂದರೆ ಕೊಡುವಂಥದ್ದು. ಅದಕ್ಕೆ ಇಷ್ಟವಾದ ನೀರು 20ರಿಂದ 45 ಡಿಗ್ರಿಯದ್ದು. 60 ಡಿಗ್ರಿಯಲ್ಲಿ ಅದು ಉಳಿಯುವುದಿಲ್ಲ. ದಿನದಿನಕ್ಕೆ ನೀರು ಖಾಲಿ ಮಾಡಿ ಹೊಸ ನೀರು ತುಂಬುವ ಮನೆಯಲ್ಲಿ ಭಯಪಡುವಂಥದ್ದೇನೂ ಇಲ್ಲ. ಆದರೆ ಉಗುರುಬೆಚ್ಚಗಿನ ನೀರನ್ನು ವಾರಗಟ್ಟಲೆ ಗೀಸರ್ ಟ್ಯಾಂಕಿನಲ್ಲಿ ಇಡುವುದು ಬೇಡ. ಮುಂಬೈಗೋ ದುಬೈಗೋ ಹೋಗಿ ತಿಂಗಳ ನಂತರ ಬಂದವರು ಮೊದಲು ಒಮ್ಮೆ 60ಕ್ಕೆ ಕಾಯಿಸಿ, ಸ್ವಲ್ಪ ನೀರು ಹೊರಗೆ ಬಿಟ್ಟು, ಆಮೇಲೆ ಸ್ನಾನ ಮಾಡಿದರೆ ಒಳ್ಳೆಯದು.

ಇನ್ನೊಂದು ತುದಿಯಲ್ಲಿ ಸುಡುವ ಭಯ. 60 ಡಿಗ್ರಿಯ ನೀರು ನೇರವಾಗಿ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. 50 ಡಿಗ್ರಿಯದ್ದಾದರೆ ನಿಮಿಷಗಳು ಬೇಕು. ಮಕ್ಕಳ, ವಯಸ್ಸಾದವರ ಚರ್ಮ ಸುಡಲು ಇದಕ್ಕಿಂತ ಕಮ್ಮಿ ಹೊತ್ತು ಸಾಕು. ನನ್ನ ಪ್ರಕಾರ ನಮ್ಮ ಕರಾವಳಿಯ ಮನೆಗಳಿಗೆ 55ರಿಂದ 60 ಸರಿ, ಸ್ನಾನಕ್ಕೆ ತಣ್ಣೀರು ಬೆರೆಸಿಕೊಂಡರಾಯಿತು. ಬಾಣಂತಿ ಸ್ನಾನಕ್ಕೆ ಕುದಿಯುವ ನೀರೇ ಬೇಕು ಅನ್ನುವ ಅಜ್ಜಿಯಂದಿರು ಒಪ್ಪಲಿಕ್ಕಿಲ್ಲ. ಆದರೆ 70–75ಕ್ಕೆ ಇಟ್ಟರೆ ಕಾಯಿಲ್, ಟ್ಯಾಂಕ್, ಕರೆಂಟ್ ಬಿಲ್ಲು ಮೂರಕ್ಕೂ ಪೆಟ್ಟು.

ಬಿಲ್ಲಿನ ಲೆಕ್ಕ ಸುಲಭ. 25 ಲೀಟರ್ ನೀರನ್ನು 27ರಿಂದ 60 ಡಿಗ್ರಿಗೆ ಏರಿಸಲು ಹೆಚ್ಚುಕಮ್ಮಿ 1 ಯೂನಿಟ್ ಬೇಕು. 2 ಕಿಲೋವ್ಯಾಟ್ ಕಾಯಿಲ್‌ಗೆ ಅದು ಅರ್ಧ ಗಂಟೆಯ ಕೆಲಸ. 15 ಲೀಟರ್ ಆದರೆ ಹದಿನೇಳು ಹದಿನೆಂಟು ನಿಮಿಷ. ಈ ಲೆಕ್ಕ ನೆನಪಿದ್ದರೆ ಗೀಸರ್ ಸರಿ ಇದೆಯಾ ಅಂತ ಗಡಿಯಾರ ನೋಡಿಯೇ ಹೇಳಬಹುದು. ಜಾಸ್ತಿ ಹೊತ್ತು ಹಿಡಿಯುತ್ತಿದ್ದರೆ ಥರ್ಮೋಸ್ಟಾಟನ್ನು ಬೈಯುವ ಮೊದಲು ವೋಲ್ಟೇಜ್ ನೋಡಿ. ಬೇಸಿಗೆಯಲ್ಲಿ ಕಾರ್ಕಳ, ಬೆಳ್ತಂಗಡಿ ಕಡೆ ತೋಟಕ್ಕೆ ಪಂಪ್ ಓಡುವ ಹೊತ್ತಿಗೆ ಲೈನಿನ ಕೊನೆಯ ಮನೆಯಲ್ಲಿ 230ರ ಬದಲು 180 ವೋಲ್ಟ್ ಬಂತು ಅಂತಿಟ್ಟುಕೊಳ್ಳಿ. ವೋಲ್ಟೇಜ್ ಇಳಿದದ್ದು ಸುಮಾರು ಐದನೇ ಒಂದು ಭಾಗ. ಆದರೆ ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಅದು 1,200 ವ್ಯಾಟಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಅರ್ಧ ಗಂಟೆಯ ಕೆಲಸಕ್ಕೆ ಮುಕ್ಕಾಲು ಗಂಟೆ ಆಗುತ್ತದೆ. ಅಲ್ಲಿ ಥರ್ಮೋಸ್ಟಾಟ್ ಬದಲಿಸಿ ಏನೂ ಪ್ರಯೋಜನ ಇಲ್ಲ.

ದೀಪ ನೋಡಿ ರೋಗ ಹಿಡಿಯುವುದು

ತುಂಬಾ ಗೀಸರ್‌ಗಳಲ್ಲಿ ಎರಡು ದೀಪ ಇರುತ್ತವೆ. ಒಂದು ಕರೆಂಟ್ ಬಂದಿದೆ ಅನ್ನಲು, ಇನ್ನೊಂದು ಕಾಯಿಸುತ್ತಿದೆ ಅನ್ನಲು. ಎರಡನೆಯ ದೀಪಕ್ಕೆ ಕರೆಂಟ್ ಸಿಗುವುದು ಥರ್ಮೋಸ್ಟಾಟ್ ಮತ್ತು ಕಟ್‌ಔಟ್ ದಾಟಿದ ಮೇಲೆ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಕಾಯಿಸುವ ದೀಪ ಉರಿಯುತ್ತಿದೆ, ಗಂಟೆ ಕಳೆದರೂ ನೀರು ತಣ್ಣಗೇ ಇದೆ. ಆಗ ಕರೆಂಟ್ ಕಾಯಿಲಿನ ಬಾಗಿಲವರೆಗೆ ಬಂದಿದೆ, ಕಾಯಿಲ್ ಹೋಗಿದೆ. ಥರ್ಮೋಸ್ಟಾಟ್ ಚೆನ್ನಾಗಿದೆ. ಕರೆಂಟಿನ ದೀಪ ಇದೆ, ಕಾಯಿಸುವ ದೀಪ ಇಲ್ಲ, ನೀರು ತಣ್ಣಗಿದೆ ಅಂದರೆ ಥರ್ಮೋಸ್ಟಾಟ್ ಅಥವಾ ಕಟ್‌ಔಟ್, ಇಲ್ಲವೇ ಅವುಗಳ ವೈರ್. ಆನ್ ಮಾಡಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕತ್ತರಿಸುವ ಸ್ವಿಚ್) ಬಿದ್ದು ಮನೆಯೆಲ್ಲ ಕತ್ತಲಾದರೆ ಹೆಚ್ಚಾಗಿ ಕಾಯಿಲಿನ ಹೊರಕವಚ ಒಡೆದು ನೀರಿಗೆ ಕರೆಂಟ್ ಸೋರುತ್ತಿದೆ. ಇನ್ನೊಮ್ಮೆ ಎತ್ತಿ ನೋಡುವ ಆಟ ಅಲ್ಲಿಗೆ ಸಾಕು.

ಎಲ್ಲಕ್ಕಿಂತ ಕೆಟ್ಟ ಲಕ್ಷಣ ಕಾಯಿಸುವ ದೀಪ ಆರದೇ ಇರುವುದು. ನಲ್ಲಿ ಬಿಟ್ಟರೆ ಬುಸುಬುಸು ಹಬೆ, ಟ್ಯಾಂಕಿನೊಳಗೆ ಗುರ್ ಅನ್ನುವ ಸದ್ದು. ಥರ್ಮೋಸ್ಟಾಟಿನ ಸ್ವಿಚ್ ಒಳಗೇ ಬೆಸೆದುಕೊಂಡು ಬಿಡದೇ ನಿಂತಿದೆ ಅಂತ ಅರ್ಥ. ಎಂಸಿಬಿ (ಮೇನ್ ಬೋರ್ಡಿನಲ್ಲಿ ಗೀಸರ್ ಲೈನಿನ ಸ್ವಿಚ್) ಇಳಿಸಿ, ಬಚ್ಚಲಿನಿಂದ ಹೊರಗೆ ಬನ್ನಿ, ತಣಿಯಲು ಬಿಡಿ. ಕೆಲವು ಗಂಟೆ ಆಗಬಹುದು, ಅವಸರ ಬೇಡ.

'ಡೈರೆಕ್ಟ್'

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆ ಕೆಲವು ಎಲೆಕ್ಟ್ರಿಷಿಯನ್‌ಗಳಿಗೆ ಒಂದು ಸುಲಭದ ದಾರಿ ಗೊತ್ತು. "ಥರ್ಮೋಸ್ಟಾಟ್ ಹೋಗಿದೆ ಮಾರಾಯ್ರೆ. ಇವತ್ತು ಆದಿತ್ಯವಾರ, ಅಂಗಡಿ ಇಲ್ಲ. ಈಗ ಡೈರೆಕ್ಟ್ ಕೊಟ್ಟಿದ್ದೇನೆ, ನೀರು ಕಾದ ಕೂಡಲೇ ಆಫ್ ಮಾಡಿ ಆಯ್ತಾ?" ಅಂತ ಹೇಳಿ ಹೋಗುತ್ತಾರೆ. ಡೈರೆಕ್ಟ್ ಅಂದರೆ ಥರ್ಮೋಸ್ಟಾಟನ್ನೂ, ಜೊತೆಗೆ ಹಲವು ಸಲ ಕಟ್‌ಔಟನ್ನೂ ಬಿಟ್ಟು, ಎರಡು ವೈರ್ ಸೇರಿಸಿ ಕಾಯಿಲಿಗೆ ನೇರ ಕರೆಂಟ್ ಕೊಡುವುದು. ಬಿಸಿನೀರು ಬರುತ್ತದೆ, ಮನೆಯವರಿಗೆ ಖುಷಿ. ಸೋಮವಾರ ಬರುತ್ತದೆ, ಎಲೆಕ್ಟ್ರಿಷಿಯನ್ ಬರುವುದಿಲ್ಲ. ಮಳೆಗಾಲ ಮುಗಿದರೂ ಗೀಸರ್ ಡೈರೆಕ್ಟ್‌ನಲ್ಲೇ ಇರುತ್ತದೆ. ಒಂದು ದಿನ ಯಾರೋ ಸ್ವಿಚ್ ಆಫ್ ಮಾಡಲು ಮರೆಯುತ್ತಾರೆ.

ಆಮೇಲೆ ಏನಾಗುತ್ತದೆ ನೋಡಿ. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರಿದಂತೆ ನೀರು ಕುದಿಯುವ ಬಿಂದುವೂ ಏರುತ್ತದೆ. ಮನೆ ಗೀಸರ್‌ಗಳ ಮೇಲೆ 8 ಬಾರ್ ಅಂತ ಬರೆದಿರುವುದು ಸಾಮಾನ್ಯ. ಆ ಒತ್ತಡದಲ್ಲಿ ನೀರು ಕುದಿಯುವುದು 170 ಡಿಗ್ರಿ ದಾಟಿದ ಮೇಲೆ. ಅಷ್ಟು ಬಿಸಿಯಾದ ನೀರಿರುವ ಟ್ಯಾಂಕ್ ಒಡೆದರೆ ಒತ್ತಡ ಒಮ್ಮೆಲೇ ಇಳಿಯುತ್ತದೆ, ನೀರಿನ ಒಂದು ಪಾಲು ಕ್ಷಣದಲ್ಲಿ ಹಬೆಯಾಗುತ್ತದೆ. ನೀರು ಹಬೆಯಾದರೆ ಬೇಕಾಗುವ ಜಾಗ ಸುಮಾರು 1,600 ಪಟ್ಟು. ಬಚ್ಚಲಿನ ಗೋಡೆ ತಡೆಯುವ ಮಾತಲ್ಲ ಅದು.

ಇದನ್ನು ತಡೆಯಲು ಟ್ಯಾಂಕಿನ ಕೆಳಗೆ, ತಣ್ಣೀರಿನ ಪೈಪಿನಲ್ಲಿ, ಒತ್ತಡ ಬಿಡುವ ವಾಲ್ವ್ ಇರುತ್ತದೆ. ಥರ್ಮೋಸ್ಟಾಟ್, ಕಟ್‌ಔಟ್, ವಾಲ್ವ್ ಹೀಗೆ ಮೂರು ಕಾವಲು. ಮೂರೂ ಒಟ್ಟಿಗೆ ಕೈಕೊಡುವುದು ಅಪರೂಪ. ಡೈರೆಕ್ಟ್ ಕೊಟ್ಟಾಗ ಎರಡನ್ನು ನಾವೇ ಕಿತ್ತು ಹಾಕಿದ ಹಾಗಾಯಿತು. ಮೂರನೆಯದು ತೊಟ್ಟಿಕ್ಕುತ್ತದೆ ಅಂತ ಪ್ಲಂಬರ್ ಎಂಡ್ ಕ್ಯಾಪ್ ಹಾಕಿ ಬಂದ್ ಮಾಡಿದ್ದರೆ ಅಲ್ಲಿಗೆ ಮುಗಿಯಿತು. ನೀರು ಕಾಯುವ ಹೊತ್ತಿನಲ್ಲಿ ವಾಲ್ವ್ ಸ್ವಲ್ಪ ತೊಟ್ಟಿಕ್ಕುವುದು ರೋಗ ಅಲ್ಲ. 25 ಲೀಟರ್ ನೀರು 60 ಡಿಗ್ರಿಗೆ ಕಾಯುವಾಗ ಮೂರನೇ ಒಂದು ಲೀಟರ್‌ನಷ್ಟು ಹಿಗ್ಗುತ್ತದೆ. ಪ್ರೆಶರ್ ಪಂಪ್, ನಾನ್-ರಿಟರ್ನ್ ವಾಲ್ವ್ ಇರುವ ಫ್ಲ್ಯಾಟ್‌ಗಳಲ್ಲಿ ಆ ನೀರಿಗೆ ವಾಪಸ್ ಹೋಗಲು ದಾರಿ ಇಲ್ಲ. ಹೊರಗೆ ಬರಲಿ ಬಿಡಿ. ಕೆಳಗೆ ಒಂದು ಸಣ್ಣ ಪೈಪ್ ಹಾಕಿ ನೆಲದ ಜಾಲರಿಗೆ ಬಿಟ್ಟರಾಯಿತು.

ಅಂಗಡಿ ತೆರೆಯುವವರೆಗೆ ನೀರು ಒಲೆಯಲ್ಲಿ ಕಾಯಿಸಿಕೊಳ್ಳಿ. ಡೈರೆಕ್ಟ್ ಮಾತ್ರ ಒಂದು ದಿನಕ್ಕೂ ಬೇಡ.

ಬದಲಿಸುವುದು ಹೇಗೆ

ಮೊದಲ ಸಮಾಧಾನದ ಸುದ್ದಿ: ಥರ್ಮೋಸ್ಟಾಟ್ ಬದಲಿಸಲು ಟ್ಯಾಂಕ್ ಖಾಲಿ ಮಾಡಬೇಕಾಗಿಲ್ಲ. ಅದರ ಕಡ್ಡಿ ಅಥವಾ ಬಲ್ಬ್ ನೇರವಾಗಿ ನೀರಿನಲ್ಲಿ ಇರುವುದಿಲ್ಲ. ಟ್ಯಾಂಕಿನೊಳಗೆ ಹೋದ, ತುದಿ ಮುಚ್ಚಿದ ಒಂದು ಕೊಳವೆಯೊಳಗೆ ಕೂತಿರುತ್ತದೆ. ಎಳೆದರೆ ಒಣಗಿದ ಕಡ್ಡಿಯೇ ಕೈಗೆ ಬರಬೇಕು. ಒದ್ದೆಯಾಗಿ ಬಂದರೆ ಆ ಕೊಳವೆ ತೂತಾಗಿದೆ, ಕಾಯಿಲ್ ಸಮೇತ ಬದಲಿಸಬೇಕು. ಕಾಯಿಲ್ ತೆಗೆಯುವುದಾದರೆ ಮಾತ್ರ ನೀರು ಪೂರ್ತಿ ಇಳಿಸಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು.

ವಾರಂಟಿ ಇದ್ದರೆ ನೀವು ಕವರ್ ಮುಟ್ಟಬೇಡಿ. ಇಲ್ಲದಿದ್ದರೆ, ಕರೆಂಟಿನ ಕೆಲಸ ಮಾಡಿ ಅಭ್ಯಾಸ ಇರುವವರು ಮಾತ್ರ ಕೈ ಹಾಕಿ. ಉಳಿದವರು ಇದನ್ನು ಓದಿದ್ದರೆ ಬಂದವರು ಏನು ಮಾಡುತ್ತಿದ್ದಾರೆ ಅಂತ ತಿಳಿಯುತ್ತದೆ, ಅಷ್ಟು ಸಾಕು.

ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಮನೆಗಳಲ್ಲಿ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಅದಲುಬದಲಾಗಿರುವುದು ಬೇಕಾದಷ್ಟಿದೆ. ಆಗ ಸ್ವಿಚ್ ಕತ್ತರಿಸುವುದು ನ್ಯೂಟ್ರಲನ್ನು, ಒಳಗೆ ಫೇಸ್ ಹಾಗೇ ನಿಂತಿರುತ್ತದೆ. ಎಂಸಿಬಿ ಇಳಿಸಿ, ಪ್ಲಗ್ ಇದ್ದರೆ ಕಿತ್ತು, ಒಳಗೆ ವೈರ್ ಸೇರುವ ಟರ್ಮಿನಲ್‌ಗಳಲ್ಲಿ ಕರೆಂಟ್ ಇಲ್ಲ ಅಂತ ಮೀಟರ್‌ನಲ್ಲಿ ನೋಡಿ. ಆಮೇಲೆ ಸಾಕೆಟನ್ನೂ ಪರೀಕ್ಷಿಸಿ. ಎದುರು ನಿಂತು ನೋಡುವಾಗ ಅರ್ಥ್‌ನ ದೊಡ್ಡ ತೂತು ಮೇಲೆ, ಫೇಸ್ ಬಲಕ್ಕೆ ಇರಬೇಕು. ಒಂದೇ ವೈರನ್ನು ಕತ್ತರಿಸುವ ಥರ್ಮೋಸ್ಟಾಟ್‌ಗಳೇ ಹೆಚ್ಚು, ಅದು ಫೇಸನ್ನೇ ಕತ್ತರಿಸಬೇಕು. ಉಲ್ಟಾ ಇದ್ದರೆ ಗೀಸರ್ ಆಫ್ ಆದಾಗಲೂ ಕಾಯಿಲಿನಲ್ಲಿ ಕರೆಂಟ್ ಇರುತ್ತದೆ.

ಮಲ್ಪೆ ಕಡಲಿನ ಬದಿಯ ಒಂದು ಮನೆಯಲ್ಲಿ ಗೀಸರ್‌ನ ಕೆಳಗಿನ ಕವರ್ ಬಿಚ್ಚುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಉದುರಿದ್ದು ಇರುವೆ ಗೂಡಿನ ಮಣ್ಣು, ಒಣಗಿದ ಒಂದು ಹಲ್ಲಿ. ಥರ್ಮೋಸ್ಟಾಟಿನ ಎರಡು ಲಗ್‌ಗಳಲ್ಲಿ (ವೈರಿನ ತುದಿಗೆ ಒತ್ತಿಸಿದ ಲೋಹದ ಕ್ಲಿಪ್) ಒಂದು ಹೊಳೆಯುತ್ತಿತ್ತು. ಇನ್ನೊಂದರ ಸುತ್ತ ಹಸಿರು ಕಿಲುಬು, ವೈರಿನ ಪ್ಲಾಸ್ಟಿಕ್ ಒಂದು ಅಂಗುಲದಷ್ಟು ಕಂದಾಗಿ ಗಟ್ಟಿಯಾಗಿತ್ತು, ಮುಟ್ಟಿದರೆ ಚೂರಾಗುತ್ತಿತ್ತು. ಥರ್ಮೋಸ್ಟಾಟ್ ಸರಿ ಇತ್ತು! ಹಾಳಾದದ್ದು ಉಪ್ಪುಗಾಳಿಗೆ ಸಡಿಲವಾದ ಆ ಒಂದು ಲಗ್. 2 ಕಿಲೋವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್. ಅಷ್ಟು ಕರೆಂಟ್ ಸಡಿಲ ಜಾಗದಲ್ಲಿ ಹಾದುಹೋದರೆ ಆ ಜಾಗವೇ ಕಾಯುತ್ತದೆ. ಕಟ್‌ಔಟ್ ಪಕ್ಕದಲ್ಲೇ ಇದ್ದರೆ ನೀರು ತಣ್ಣಗಿದ್ದರೂ ಆ ಬಿಸಿಗೆ ಬೀಳುತ್ತದೆ. ಕರಾವಳಿಯಲ್ಲಿ ಹೊಸ ಥರ್ಮೋಸ್ಟಾಟ್ ಹಾಕಿದರೂ ಮತ್ತೆ ಮತ್ತೆ ಅದೇ ತೊಂದರೆ ಬರುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಈ ಲಗ್‌ಗಳನ್ನು. ಕಂದಾದ ವೈರನ್ನು ಕತ್ತರಿಸಿ, ಬಿಸಿ ತಡೆಯುವ ಹೊಸ ವೈರಿಗೆ ಹೊಸ ಲಗ್ ಒತ್ತಿಸಿ ಹಾಕಬೇಕು. ಹಳೇ ಲಗ್ಗನ್ನು ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿದ್ದು ಜಾಸ್ತಿ ದಿನ ಬರುವುದಿಲ್ಲ.

ವೈರ್ ಬಿಡಿಸುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಥರ್ಮೋಸ್ಟಾಟಿನ ಎರಡು ಟರ್ಮಿನಲ್ ನಡುವೆ ಮೀಟರ್ ಇಟ್ಟರೆ ನೀರು ತಣ್ಣಗಿರುವಾಗ ಸೊನ್ನೆ ಓಮ್‌ನ ಹತ್ತಿರ ತೋರಿಸಬೇಕು. ತೋರಿಸದಿದ್ದರೆ ಥರ್ಮೋಸ್ಟಾಟ್ ಹೋಗಿದೆ. ಕಟ್‌ಔಟ್‌ಗೂ ಇದೇ ಪರೀಕ್ಷೆ. ಅಲ್ಲಿ ಗುಂಡಿ ಒತ್ತಿದಾಗ ಟಿಕ್ ಅಂದರೆ ಅದು ಬಿದ್ದಿತ್ತು ಅಂತ ಅರ್ಥ. ಯಾಕೆ ಬಿತ್ತು ಅಂತ ಹುಡುಕದೇ ಕವರ್ ಮುಚ್ಚಬೇಡಿ. ಕಾಯಿಲಿನ ವೈರ್ ಬಿಡಿಸಿ ಅದನ್ನೂ ಒಮ್ಮೆ ಅಳೆಯಿರಿ: 2 ಕಿಲೋವ್ಯಾಟಿನದ್ದು 26 ಓಮ್ ಆಸುಪಾಸು, 3 ಕಿಲೋವ್ಯಾಟಿನದ್ದು 17–18. ಕಾಯಿಲಿನಿಂದ ಟ್ಯಾಂಕಿನ ಮೈಗೆ ಸಂಪರ್ಕವೇ ತೋರಿಸಬಾರದು. ಸಾಮಾನ್ಯ ಮೀಟರ್‌ಗೆ ಸಣ್ಣ ಸೋರಿಕೆ ಕಾಣುವುದಿಲ್ಲ, ಸಂಶಯ ಇದ್ದರೆ ಮೆಗ್ಗರ್ (ಸಣ್ಣ ಸೋರಿಕೆಯನ್ನೂ ಹಿಡಿಯುವ ಮೀಟರ್) ಇರುವವರನ್ನು ಕರೆಯಿರಿ.

ಹೊಸದು ತರಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. "25 ಲೀಟರ್ ಗೀಸರ್‌ದು ಕೊಡಿ" ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಕಡ್ಡಿಯ ಉದ್ದ, ಟರ್ಮಿನಲ್‌ಗಳ ಜಾಗ, ಆಂಪಿಯರ್, ಡಿಗ್ರಿಯ ಮಿತಿ ಎಲ್ಲ ಹೊಂದಬೇಕು. ಕಡ್ಡಿ ಗಿಡ್ಡವಾದರೆ ಅದು ಟ್ಯಾಂಕಿನ ಬುಡದ ತಣ್ಣೀರನ್ನಷ್ಟೇ ನೋಡುತ್ತದೆ, ಮೇಲಿನ ನೀರು ಸುಡುತ್ತಿದ್ದರೂ ಬಿಡುವುದಿಲ್ಲ. ಕ್ಯಾಪಿಲರಿ ಆದರೆ ಬಲ್ಬ್ ಪೂರ್ತಿ ಒಳಗೆ ಹೋಗಬೇಕು. ಅದರ ತಾಮ್ರದ ನೂಲನ್ನು ಮಡಚಬಾರದು, ಟರ್ಮಿನಲ್‌ಗೆ ತಾಗಲು ಬಿಡಬಾರದು. ಒಮ್ಮೆ ಮುರಿದರೆ ಒಳಗಿನ ದ್ರವ ಹೋಯಿತು, ಥರ್ಮೋಸ್ಟಾಟೂ ಹೋಯಿತು.

ಹಾಕಿಯಾದ ಮೇಲೆ ಮೊದಲು ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರೆಯಾಗಿ ಬರುತ್ತದಾ ನೋಡಿ, ಆಮೇಲೆ ಆನ್ ಮಾಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಉರಿದರೆ ಹೊಸ ಥರ್ಮೋಸ್ಟಾಟೂ ಉಳಿಸಲಾರದು. ಕಾಯಿಸುವ ದೀಪ ತಾನಾಗಿ ಆರುವವರೆಗೆ ಅಲ್ಲೇ ಇರಿ. ಆರಿದ ಮೇಲೆ ಒಂದು ಬಕೆಟ್ ನೀರು ಹಿಡಿದು ಥರ್ಮಾಮೀಟರ್ ಅದ್ದಿ ನೋಡಿ. ಮೊದಲ ಒಂದೆರಡು ಚೊಂಬು ಪೈಪಿನಲ್ಲಿ ನಿಂತ ತಣ್ಣೀರು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗುಂಡಿಯ ಮೇಲಿನ ಅಂಕಿಗೂ ಬಕೆಟಿನ ನೀರಿಗೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ. ಬೇಕಾದರೆ ಗುಂಡಿ ಸ್ವಲ್ಪ ತಿರುಗಿಸಿ, ಇನ್ನೊಮ್ಮೆ ಕಾಯಿಸಿ ನೋಡಿ.

ನೀರಿನ ಬಗ್ಗೆ ಒಂದು ಮಾತು. ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ನೆಲದ ನಮ್ಮ ಬಾವಿ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಬಯಲುಸೀಮೆಯ ಬೋರ್‌ವೆಲ್ ನೀರಿನಷ್ಟು ಬಿಳಿ ಸುಣ್ಣ ಇಲ್ಲಿ ಕಟ್ಟುವುದಿಲ್ಲ. ಅದರ ಬದಲು ಇಲ್ಲಿ ತುಕ್ಕಿನ ಕಾಟ. ನದಿ ಸಮುದ್ರ ಸೇರುವ ಕಡೆ ಬೇಸಿಗೆಯಲ್ಲಿ ಬಾವಿಗೆ ಉಪ್ಪು ಬರುತ್ತದಲ್ಲ, ಆ ಕಡೆ ಇನ್ನೂ ಜಾಸ್ತಿ. ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸರಳು ತಾನು ಕರಗಿ ಟ್ಯಾಂಕನ್ನು ಉಳಿಸುತ್ತದೆ. ಕವರ್ ಬಿಚ್ಚಿದ ದಿನ ಅದನ್ನೂ ಕೇಳಿ ನೋಡಿಸಿ. ಅರ್ಥಿಂಗ್ ಕೂಡ ಹಾಗೆ. ಮುರಕಲ್ಲು ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿದರೆ ಅರ್ಥ್ ದುರ್ಬಲವಾಗುತ್ತದೆ. ಹೊರಗೆ ಅರ್ಥ್ ಹೂತ ಹೊಂಡಕ್ಕೆ ಆಗಾಗ ಒಂದು ಕೊಡ ನೀರು ಸುರಿಯುವುದು, ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವುದು, ಎರಡೂ ಗೀಸರ್ ಇರುವ ಮನೆಗೆ ಬೇಕೇ ಬೇಕು.

ತಾರಸಿಯಲ್ಲಿ ಸೋಲಾರ್ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ಆ ಟ್ಯಾಂಕಿನಲ್ಲೂ ಮಳೆಗಾಲಕ್ಕೆ ಅಂತ ಒಂದು ಕಾಯಿಲ್, ಒಂದು ಥರ್ಮೋಸ್ಟಾಟ್ ಇರುತ್ತದೆ. ಅದನ್ನು 60ಕ್ಕೆ ಇಟ್ಟು ದಿನವಿಡೀ ಆನ್ ಬಿಟ್ಟರೆ ಬೆಳಗ್ಗೆ ಬಿಸಿಲು ಬರುವ ಮೊದಲೇ ಕರೆಂಟ್ ನೀರು ಕಾಯಿಸಿ ಮುಗಿಸಿರುತ್ತದೆ, ಸೂರ್ಯನಿಗೆ ಕೆಲಸ ಉಳಿಯುವುದಿಲ್ಲ. 200 ಲೀಟರ್ ಟ್ಯಾಂಕ್ ಆದರೆ ಒಂದು ಸಲಕ್ಕೆ ಏಳೆಂಟು ಯೂನಿಟ್ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಟ್ಯಾಂಕ್ ತಣ್ಣಗಿದ್ದರೆ ಮಾತ್ರ, ಮರುದಿನ ಬೆಳಗಿನ ಸ್ನಾನಕ್ಕೆ ಮುಂಚೆ ಒಂದೆರಡು ಗಂಟೆ ಹಾಕಿ, ಥರ್ಮೋಸ್ಟಾಟ್ 50ಕ್ಕೆ ಸಾಕು. ದಿನಗಟ್ಟಲೆ ಬಿಸಿಲೇ ಕಾಣದಿದ್ದರೆ ವಾರಕ್ಕೊಮ್ಮೆ 60ಕ್ಕೆ ಏರಿಸಿ. ಅಕ್ಟೋಬರ್‌ನಲ್ಲಿ ಬಿಸಿಲು ಹತ್ತಿದ ಮೇಲೆ ಅದರ ಎಂಸಿಬಿ ಇಳಿಸಿಬಿಡಿ. ಗುಡುಗು ಸಿಡಿಲಿನ ಸಂಜೆಗಳಲ್ಲಿ ತಾರಸಿಯ ಆ ವೈರಿನಲ್ಲಿ ಕರೆಂಟ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು.